ಸೋಮವಾರ ಮಾತ್ರ ಮಾರಬಹುದಾದ ಶೇರು: ಪೆನ್ನಿ ಸ್ಟಾಕ್‌ನಿಂದ ಹೊರಬಂದ ಅನುಭವ

ಹೋದ ತಿಂಗಳು ನನ್ನ ಡಿಮ್ಯಾಟ್ ಖಾತೆಯಿಂದ, ಅಂದರೆ ಶೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆಯಿಂದ, ಒಂದು ಪೆನ್ನಿ ಸ್ಟಾಕ್ (ಕೆಲವೇ ರೂಪಾಯಿ ಬೆಲೆಯ ಶೇರು) ಕಂಪನಿಯ ಹೆಸರು ಕೊನೆಗೂ ಹೋಯಿತು. ಲಾಭ ಮಾಡಿ ಹೊರಬಂದೆ ಅಂದುಕೊಳ್ಳಬೇಡಿ, ಮೂರು ಕಾಸಿಗೆ ಮಾರಿದೆ. ಆದರೆ ಆ ಮೂರು ಕಾಸಿಗೆ ಮಾರುವುದಕ್ಕೂ ಎಷ್ಟು ಕಾಗದ, ಎಷ್ಟು ಕಾಯುವಿಕೆ ಅಂತ ಮೊದಲೇ ಗೊತ್ತಿದ್ದರೆ ತಲೆನೋವು ಅರ್ಧ ಕಡಿಮೆಯಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಇಂಥದ್ದೊಂದು ನಿಮ್ಮ ಹತ್ತಿರವೂ ಇದ್ದರೆ ಆ ಹೆಸರು ಹಾಕಿಕೊಂಡು ಓದಿ.

1994ರಲ್ಲಿ ಪಬ್ಲಿಕ್ ಇಶ್ಯೂನಲ್ಲಿ ಹಾಕಿದ್ದು. ಮುಖಬೆಲೆ 10 ರೂಪಾಯಿ, ಮೇಲೆ 20 ರೂಪಾಯಿ ಪ್ರೀಮಿಯಂ. ಸಾವಿರ ಶೇರು ಬಂತು, ನೂರು ನೂರರ ಹತ್ತು ಸರ್ಟಿಫಿಕೇಟು. ಆಗ ಯಾವ ಬ್ಯಾಂಕಿಗೆ ಹೋದರೂ ಅರ್ಜಿ ಫಾರಂಗಳ ರಾಶಿ ಇರುತ್ತಿತ್ತು, ನೆನಪಿದೆಯಾ? ಆ ಕಾಲದಲ್ಲಿ ಜನರ ದುಡ್ಡು ಎತ್ತಿಕೊಂಡು ನಾಪತ್ತೆಯಾದ ಕಂಪನಿಗಳು ಎಷ್ಟಿದ್ದವು ಅಂದರೆ, 1999ರಲ್ಲಿ ಸರ್ಕಾರ ಮತ್ತು ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಸೇರಿ ಅವುಗಳ ಬೆನ್ನುಹತ್ತಲಿಕ್ಕೇ ಒಂದು ಸಮಿತಿ ಮಾಡಬೇಕಾಯಿತು. ನನ್ನ ಕಂಪನಿ ಹಾಗೆ ನಾಪತ್ತೆಯಾಗಲಿಲ್ಲ. ಆಗಿದ್ದರೆ ಅಂದೇ ಕೈ ತೊಳೆದುಕೊಳ್ಳುತ್ತಿದ್ದೆ. ಇದು ಕುಂಟುತ್ತಾ ನಡೆಯಿತು. 2007ರಲ್ಲಿ ಮಾರುಕಟ್ಟೆ ಏರುತ್ತಿದ್ದಾಗ ಇದಕ್ಕೂ ಜೀವ ಬಂತು, ಸರಾಸರಿ 18 ರೂಪಾಯಿಗೆ ಇನ್ನೂ 8,000 ಶೇರು ಡಿಮ್ಯಾಟ್‌ನಲ್ಲೇ ತೆಗೆದುಕೊಂಡೆ. 2008ರಲ್ಲಿ ಎಲ್ಲದರ ಜೊತೆ ಬಿತ್ತು. ಬೇರೆಯವು ಎದ್ದವು, ಇದು ಏಳಲಿಲ್ಲ.

ಆಮೇಲಿನ ವರ್ಷಗಳನ್ನು ಹೇಗೆ ಹೇಳೋದು? ಬೆಲೆ ಬಿದ್ದದ್ದು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಬೇರೆ. ವರ್ಷಕ್ಕೊಮ್ಮೆ ಇಮೇಲ್‌ನಲ್ಲಿ ವಾರ್ಷಿಕ ವರದಿ ಬರುತ್ತದೆ, ಅದರಲ್ಲಿ ಎಲ್ಲೋ ಒಂದು ಕಡೆ ಪ್ರಮೋಟರ್ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರು) ಕಡೆಯವರಿಗೇ ಹೊಸ ಶೇರು ಕೊಡುವ ನಿರ್ಣಯ ಇರುತ್ತದೆ, ನಾವು ವಿರುದ್ಧ ಇ-ವೋಟಿಂಗ್ ಮಾಡುತ್ತೇವೆ, ಅದು ಪಾಸಾಗುತ್ತದೆ, ನಮ್ಮ ಪಾಲು ಇನ್ನಷ್ಟು ತೆಳುವಾಗುತ್ತದೆ. ವಿಡಿಯೋದಲ್ಲಿ ನಡೆಯುವ ವಾರ್ಷಿಕ ಸಭೆಗೆ ಮೊದಲೇ ಹೆಸರು ಕೊಟ್ಟು ಮಾತಾಡಲು ಕಾಯುತ್ತಿದ್ದೆ. ನನ್ನ ಸರದಿ ಬಂದಾಗ ಅಧ್ಯಕ್ಷರು "ನಿಮ್ಮ ಪ್ರಶ್ನೆಗೆ ಇಮೇಲ್‌ನಲ್ಲಿ ಉತ್ತರಿಸುತ್ತೇವೆ" ಅನ್ನುತ್ತಿದ್ದರು. ಆ ಇಮೇಲ್ ಬರಲೇ ಇಲ್ಲ. ಕಂಪನಿ ಕಾಯ್ದೆಯಲ್ಲಿ ಸಣ್ಣ ಶೇರುದಾರರು ತಮ್ಮದೇ ಒಬ್ಬ ನಿರ್ದೇಶಕರನ್ನು ಆರಿಸಲು ಅವಕಾಶ ಇದೆ, 151ನೇ ಸೆಕ್ಷನ್. ಅದಕ್ಕೆ ಸಾವಿರ ಮಂದಿ ಸಣ್ಣ ಶೇರುದಾರರು, ಇಲ್ಲವೇ ಅಂಥವರಲ್ಲಿ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು ಜನ ಸೇರಿ ನೋಟಿಸ್ ಕೊಡಬೇಕು. ದೇಶದ ತುಂಬ ಚದುರಿ ಹೋಗಿರುವವರನ್ನು ಯಾರು ಒಟ್ಟು ಹಾಕುತ್ತಾರೆ ಹೇಳಿ.

ವಾಟ್ಸಾಪ್ ಗುಂಪೊಂದಿತ್ತು, ಇದೇ ಶೇರು ಇಟ್ಟುಕೊಂಡವರದ್ದು. ಅಲ್ಲಿ ಯಾವಾಗಲೂ ಹೊಸ ಹೂಡಿಕೆದಾರ "ಬರುತ್ತಲೇ" ಇದ್ದ. ಸುಜ್ಲಾನ್ ನೋಡಿ, 2020ರ ಮಾರ್ಚಲ್ಲಿ 2 ರೂಪಾಯಿಗಿಂತ ಕೆಳಗಿತ್ತು, 2024ರಲ್ಲಿ 80 ದಾಟಿತು ಅಂತ ಒಬ್ಬರು ಹೇಳಿದರೆ, ರುಚಿ ಸೋಯಾ ದಿವಾಳಿಯಿಂದ ಎದ್ದು ಬಂದು ಸಾವಿರ ದಾಟಲಿಲ್ಲವಾ ಅಂತ ಇನ್ನೊಬ್ಬರು. ನಿಜ, ಎರಡೂ ಆಗಿದ್ದೇ. ಆದರೆ 2021ರಲ್ಲಿ ಗೃಹಸಾಲ ಕಂಪನಿ ಡಿಎಚ್ಎಫ್ಎಲ್ ಶೇರುದಾರರಿಗೆ ಒಂದು ಪೈಸೆಯೂ ಸಿಗದೆ ಶೇರು ಪಟ್ಟಿಯಿಂದಲೇ ಹೋಯಿತು, ಅದನ್ನು ಆ ಗುಂಪಲ್ಲಿ ಯಾರೂ ಎತ್ತುತ್ತಿರಲಿಲ್ಲ. ದಿವಾಳಿ ಕಾನೂನಲ್ಲಿ ದುಡ್ಡು ಹಂಚುವ ಸಾಲಿನಲ್ಲಿ ಈಕ್ವಿಟಿ ಶೇರುದಾರ ಎಲ್ಲರಿಗಿಂತ ಕೊನೆ. ಬ್ಯಾಂಕಿಗೇ ಪೂರ್ತಿ ಬರದಿದ್ದರೆ ನಮಗೆಲ್ಲಿಂದ?

ಕಳೆದ ವರ್ಷ ಕಂಪನಿ ತ್ರೈಮಾಸಿಕ ಫಲಿತಾಂಶ ಕೊಡುವುದನ್ನೇ ನಿಲ್ಲಿಸಿತು. ಹಾಗೆ ಸತತ ಎರಡು ಸಲ ತಪ್ಪಿದರೆ ಎಕ್ಸ್‌ಚೇಂಜು ಮೊದಲು ದಂಡ ಹಾಕುತ್ತದೆ, ಶೇರನ್ನು ನಿಯಮ ಪಾಲಿಸದ ಕಂಪನಿಗಳ 'ಝಡ್' ಗುಂಪಿಗೆ ತಳ್ಳುತ್ತದೆ, ಪ್ರಮೋಟರ್‌ಗಳ ಡಿಮ್ಯಾಟ್ ಖಾತೆ ಸ್ಥಗಿತ ಮಾಡುತ್ತದೆ, ಅದಕ್ಕೂ ಬಗ್ಗದಿದ್ದರೆ ವಹಿವಾಟನ್ನೇ ನಿಲ್ಲಿಸುತ್ತದೆ. ನಮ್ಮದೂ ನಿಂತಿತು. ತಪ್ಪು ಮಾಡಿದ್ದು ಕಂಪನಿ ನಡೆಸುವವರು, ಬೀಗ ಬಿದ್ದದ್ದು ನಮ್ಮ ಶೇರಿಗೂ. ಗುಂಪಲ್ಲಿ ಎಲ್ಲರೂ "ಮುಗೀತು" ಅಂದರು.

ಮುಗಿದಿರಲಿಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಫಲಿತಾಂಶದಂಥ ನಿಯಮ ಪಾಲಿಸದ ಕಾರಣಕ್ಕೆ ವಹಿವಾಟು ನಿಂತಿದ್ದರೆ, ನಿಂತು 15 ದಿನ ಆದಮೇಲೆ ಆರು ತಿಂಗಳ ಕಾಲ ಪ್ರತಿ ವಾರದ ಮೊದಲ ವಹಿವಾಟಿನ ದಿನ ಮಾತ್ರ ಆ ಶೇರನ್ನು ಮಾರಲು ಕೊಳ್ಳಲು ಬಿಡಬಹುದು ಅಂತ ಸೆಬಿ ನಿಯಮ ಇದೆ. ಸಾಮಾನ್ಯವಾಗಿ ಸೋಮವಾರ. ಸೋಮವಾರ ರಜೆ ಇದ್ದರೆ ಮಂಗಳವಾರ. ಟ್ರೇಡ್ ಫಾರ್ ಟ್ರೇಡ್ ಲೆಕ್ಕ, ಅಂದರೆ ಕೊಂಡ ದಿನವೇ ಮಾರುವ ಆಟ ಇಲ್ಲ. ಎಕ್ಸ್‌ಚೇಂಜಿನ ಜಾಲತಾಣದಲ್ಲಿ ನೋಟಿಸ್ ಅನ್ನುವ ಕಡೆ ಕಂಪನಿಯ ಸ್ಕ್ರಿಪ್ ಕೋಡ್ (ಶೇರಿನ ಗುರುತಿನ ಸಂಖ್ಯೆ) ಹಾಕಿ ಹುಡುಕಿದರೆ ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಸಿಗುತ್ತದೆ. ಆ ನೋಟಿಸ್ ಪ್ರಿಂಟ್ ತೆಗೆದು ಕೊನೆಯ ದಿನಾಂಕಕ್ಕೆ ಕೆಂಪು ಗೆರೆ ಹಾಕಿ ಫ್ರಿಜ್ ಮೇಲೆ ಅಂಟಿಸಿದೆ.

ಮಾರಲೇಬೇಕಾ ಅನ್ನೋ ಪ್ರಶ್ನೆ ಆಗ ಬಂತು. ಬೆಲೆ ಒಂದೂವರೆ ರೂಪಾಯಿ ಆಸುಪಾಸು. ಒಂಬತ್ತು ಸಾವಿರ ಶೇರಿಗೆ ಹೆಚ್ಚೆಂದರೆ ಹದಿಮೂರು, ಹದಿನಾಲ್ಕು ಸಾವಿರ. ಬಿದ್ದಿರಲಿ ಬಿಡು ಅನ್ನಿಸಿತ್ತು. ನಮ್ಮ ಆಡಿಟರ್ ಫೋನಲ್ಲಿ ಒಂದೇ ಮಾತಿಗೆ ಲೆಕ್ಕ ತಿರುಗಿಸಿದರು: "ಸರ್, ಶೇರಿಗೆ ಬೆಲೆ ಇಲ್ಲ, ನಷ್ಟಕ್ಕೆ ಬೆಲೆ ಇದೆ. ಆದರೆ ಮಾರಿದರೆ ಮಾತ್ರ ಅದು ನಷ್ಟ."

ಹೇಗೆ ಅಂದರೆ, ನಾನು ಹಾಕಿದ್ದು ಒಟ್ಟು 1,74,000 ರೂಪಾಯಿ. ಮಾರಿದರೆ ದೀರ್ಘಾವಧಿ ನಷ್ಟ ಸುಮಾರು 1,60,000. ಮಗಳ ಓದಿಗೆ ಅಂತ ಅದೇ ವರ್ಷ ಈಕ್ವಿಟಿ ಮ್ಯೂಚುವಲ್ ಫಂಡ್ ತೆಗೆದಿದ್ದೆ, ಅದರಲ್ಲಿ ದೊಡ್ಡ ಲಾಭ ಇತ್ತು. ಅಂಥ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇಕಡಾ 12.5, ವರ್ಷಕ್ಕೆ 1.25 ಲಕ್ಷದವರೆಗೆ ವಿನಾಯಿತಿ. ಈ ನಷ್ಟವನ್ನು ಆ ಲಾಭದಲ್ಲಿ ಕಳೆದರೆ 20,000 ರೂಪಾಯಿ ತೆರಿಗೆ ಉಳಿಯುತ್ತದೆ. ಶೇರು ಮಾರಿ ಬರುವ ದುಡ್ಡಿಗಿಂತ ಜಾಸ್ತಿ! ನಿಮಗೆ ಅಂಥ ಲಾಭ ಈ ವರ್ಷ ಇಲ್ಲದಿದ್ದರೂ, ರಿಟರ್ನ್ಸನ್ನು ಗಡುವಿನೊಳಗೆ ಹಾಕಿದರೆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಒಂದು ಮಾತು: ದೀರ್ಘಾವಧಿ ನಷ್ಟ ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯುತ್ತದೆ, ಸಂಬಳದಲ್ಲಿ ಅಲ್ಲ. ಲಾಭವೆಲ್ಲ ಹೇಗೂ 1.25 ಲಕ್ಷದೊಳಗೇ ಇದ್ದರೆ ಉಪಯೋಗವೂ ಇಲ್ಲ, ಯಾಕೆಂದರೆ ಮೊದಲು ನಷ್ಟ ಕಳೆದು ಆಮೇಲೆ ವಿನಾಯಿತಿ ನೋಡುತ್ತಾರೆ.

ಹಾಗಾಗಿ ಎರಡು ಕೆಲಸ ಒಟ್ಟಿಗೆ ಶುರು. ಡಿಮ್ಯಾಟ್‌ನಲ್ಲಿದ್ದ 8,000 ಮಾರುವುದು. ಕಾಗದದಲ್ಲಿದ್ದ ಸಾವಿರವನ್ನು ಆರು ತಿಂಗಳೊಳಗೆ ಡಿಮ್ಯಾಟ್ ಮಾಡಿಸಿ ಅದನ್ನೂ ಮಾರುವುದು.

ಮೊದಲನೆಯದು ಸುಲಭ ಅಂದುಕೊಂಡಿದ್ದೆ. ಮೊದಲ ಸೋಮವಾರ ಬ್ರೋಕರ್ ಆ್ಯಪ್ ತೆಗೆದರೆ ಆರ್ಡರ್ ಹಾಕಲು ಬಿಡುವುದೇ ಇಲ್ಲ, ಈ ಶೇರು ಆ್ಯಪ್‌ನಲ್ಲಿ ಬಂದ್. ಬಹಳಷ್ಟು ಬ್ರೋಕರ್‌ಗಳು ಇಂಥ ಶೇರುಗಳನ್ನು ಮುಚ್ಚಿರುತ್ತಾರೆ. ಕಾಲ್ ಅಂಡ್ ಟ್ರೇಡ್‌ಗೆ ಫೋನ್ ಮಾಡಬೇಕು, ನನ್ನ ಬ್ರೋಕರ್ ಹತ್ತಿರ ಅದಕ್ಕೆ ಆರ್ಡರಿಗೆ 50 ರೂಪಾಯಿ, ಮೇಲೆ ಜಿಎಸ್‌ಟಿ. ಅಲ್ಲಿನ ಹುಡುಗನಿಗೆ ನಿಯಮ ಗೊತ್ತಿರಲಿಲ್ಲ. "ಸರ್, ಇದು ಸಸ್ಪೆಂಡ್ ಆಗಿದೆ, ಆಗಲ್ಲ" ಅಂದ. ನೋಟಿಸ್ ಸಂಖ್ಯೆ ಓದಿ ಹೇಳಿದೆ. ಹೋಲ್ಡ್‌ನಲ್ಲಿ ಇಟ್ಟ, ಸಂಗೀತ ಕೇಳಿಸಿದ, ವಾಪಸ್ ಬಂದು ಹಾಕಿದ. ಅಷ್ಟರಲ್ಲಿ ಮಧ್ಯಾಹ್ನ.

ಆ ದಿನ ಪರದೆಯ ಮೇಲೆ ಕಂಡದ್ದು ಹೇಳುತ್ತೇನೆ. ಎಡಗಡೆ ಕೊಳ್ಳುವವರ ಸಾಲು, ಐದೂ ಖಾನೆಯಲ್ಲಿ ಸೊನ್ನೆ. ಬಲಗಡೆ ಮಾರುವವರು, ಮೊದಲ ಖಾನೆಯಲ್ಲೇ ಲಕ್ಷಗಟ್ಟಲೆ ಶೇರು, ಎಲ್ಲರೂ ಕೆಳಗಿನ ಸರ್ಕ್ಯೂಟ್ ಬೆಲೆಗೇ ನಿಂತಿದ್ದಾರೆ. ದಿನಕ್ಕೆ ಶೇಕಡಾ 5ಕ್ಕಿಂತ ಕೆಳಗೆ ಕೇಳುವಂತಿಲ್ಲ. ಒಂದೂವರೆ ರೂಪಾಯಿ ಶೇರಿಗೆ ಶೇಕಡಾ 5 ಅಂದರೆ ಏಳು ಪೈಸೆ. ಆ ಬೆಲೆಗೂ ಯಾರೂ ಕೊಳ್ಳದೆ ಒಂದೂ ವ್ಯವಹಾರ ನಡೆಯದಿದ್ದರೆ ಹಳೆಯ ಬೆಲೆಯೇ ಉಳಿಯುತ್ತದೆ, ಮುಂದಿನ ಸೋಮವಾರವೂ ಅದೇ ಮಿತಿ. ಇನ್ನೂ ಕಡಿಮೆಗೆ ಕೊಡುತ್ತೇನೆ, ತಗೊಳ್ಳಿ ಮಾರಾಯರೇ ಅಂದರೂ ವ್ಯವಸ್ಥೆ ಬಿಡುವುದಿಲ್ಲ. ಮಾರಲೂ ಆಗದೆ, ಬೆಲೆ ಇಳಿಸಲೂ ಆಗದೆ ಕೂರುವುದಿದೆಯಲ್ಲ, ಬೆಲೆ ಬಿದ್ದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಆಮೇಲೆ ಒಂದು ಮಾರ್ಗ ಸಿಕ್ಕಿತು. ಒಂದೇ ಬೆಲೆಗೆ ನಿಂತವರಲ್ಲಿ ಮೊದಲು ಆರ್ಡರ್ ಹಾಕಿದವರಿಗೆ ಮೊದಲ ಅವಕಾಶ. ಹಾಗಾಗಿ ಡೀಲರ್ ಹತ್ತಿರ ಶುಕ್ರವಾರವೇ ಮಾತಾಡಿ, ಸೋಮವಾರ ಬೆಳಿಗ್ಗೆ ಮಾರುಕಟ್ಟೆ ತೆರೆದ ಕ್ಷಣವೇ ಆರ್ಡರ್ ಹೋಗುವಂತೆ ಮಾಡಿಕೊಂಡೆ. ಸರ್ಕ್ಯೂಟ್ ಬೆಲೆ ಎಷ್ಟು ಅಂತ ಹಿಂದಿನ ದಿನವೇ ಲೆಕ್ಕ ಹಾಕಿ ಅವರಿಗೆ ಮೆಸೇಜ್ ಕಳಿಸುತ್ತಿದ್ದೆ. ಕೆಲವು ಸೋಮವಾರ ಏನೂ ಆಗಲಿಲ್ಲ. ಒಂದು ಸೋಮವಾರ 300 ಹೋಯಿತು. ಇನ್ನೊಂದು ವಾರ ಯಾರೋ ದೊಡ್ಡದಾಗಿ ಕೊಂಡರು, ಯಾರು ಯಾಕೆ ಅಂತ ದೇವರೇ ಬಲ್ಲ, ಒಂದೇ ಏಟಿಗೆ ನನ್ನದು ಐದು ಸಾವಿರ ಹೋಯಿತು. ಗುಂಪಲ್ಲಿ ತಕ್ಷಣ "ಹೊಸ ಪ್ರಮೋಟರ್ ಬಂದರು, ಯಾರೂ ಮಾರಬೇಡಿ" ಅಂತ ಸಂದೇಶ. ನಾನು ಉಳಿದದ್ದನ್ನೂ ಹಾಕಿದೆ.

ಈಗ ಕಾಗದದ ಕಥೆ. 2019ರ ಏಪ್ರಿಲ್ 1ರಿಂದ ಕಾಗದದ ಶೇರನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು ನಿಂತಿದೆ, ಮಾರಬೇಕಾದರೆ ಡಿಮ್ಯಾಟ್ ಆಗಲೇಬೇಕು. ಕೊಡುವ ಮೊದಲು ಪ್ರತಿ ಸರ್ಟಿಫಿಕೇಟಿನ ಎರಡೂ ಬದಿ ಜೆರಾಕ್ಸ್ ಮಾಡಿಸಿ, ಮರೆಯಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಡಿಆರ್‌ಎಫ್ ಅಂತ ಒಂದು ಫಾರಂ ತುಂಬಿ ಸರ್ಟಿಫಿಕೇಟುಗಳ ಜೊತೆ ಡಿಪಿ (ನಮ್ಮ ಡಿಮ್ಯಾಟ್ ಖಾತೆ ನಡೆಸುವ ಸಂಸ್ಥೆ) ಹತ್ತಿರ ಕೊಟ್ಟೆ. ಅಲ್ಲಿದ್ದ ಮೇಡಂ ಒಂದೊಂದರ ಮೇಲೂ 'ಡಿಮ್ಯಾಟ್‌ಗೆ ಒಪ್ಪಿಸಲಾಗಿದೆ' ಅನ್ನೋ ಇಂಗ್ಲಿಷ್ ಸೀಲು ಒತ್ತಿದರು, ಆಮೇಲೆ ಪಂಚಿಂಗ್ ಮೆಷಿನ್ ತೆಗೆದುಕೊಂಡು ಕಂಪನಿಯ ಹೆಸರಿನ ಮೇಲೇ ಎರಡೆರಡು ತೂತು. ಹತ್ತು ಕಾಗದ, ಇಪ್ಪತ್ತು ತೂತು. ಪಾಲಿಥಿನ್ ಕವರಿನಲ್ಲಿ ಒಂದು ಮಡಿಕೆಯೂ ಬೀಳದ ಹಾಗೆ ಇಟ್ಟುಕೊಂಡ ಕಾಗದಗಳು. "ನೋಡಬೇಡಿ ಸರ್, ಎಲ್ಲರಿಗೂ ಹೊಟ್ಟೆ ಉರಿಯುತ್ತೆ" ಅಂದರು.

ಡಿಆರ್‌ಎನ್ ಅಂತ ಒಂದು ಸಂಖ್ಯೆ ಕೊಡುತ್ತಾರೆ, ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದರಲ್ಲೇ ಅರ್ಜಿ ಎಲ್ಲಿದೆ ಅಂತ ಗೊತ್ತಾಗುವುದು.

ಕೆಲವು ವಾರದ ಮೇಲೆ ಎಲ್ಲವೂ ವಾಪಸ್ ಬಂತು, ಕಂಪನಿಯ ಪರವಾಗಿ ಶೇರುದಾರರ ದಾಖಲೆ ಇಡುವ ರಿಜಿಸ್ಟ್ರಾರ್ ಕಡೆಯಿಂದ. ಆಕ್ಷೇಪ ಎರಡು. ಸರ್ಟಿಫಿಕೇಟಲ್ಲಿ ನನ್ನ ಹೆಸರು ಇನಿಷಿಯಲ್ ಜೊತೆ ಇದೆ, ಪ್ಯಾನ್‌ನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿಕೊಂಡು ಊರು, ಅಪ್ಪನ ಹೆಸರು ಎಲ್ಲ ಬಂದಿವೆ. ನಮ್ಮ ಕಡೆಯವರಿಗೆ ಇದು ಆಗದೇ ಇರುವುದೇ ಅಪರೂಪ ಅಲ್ವಾ. ಎರಡನೆಯದು ಸಹಿ. 1994ರಲ್ಲಿ ನಾನು ಕನ್ನಡದಲ್ಲಿ ಪೂರ್ತಿ ಹೆಸರು ಬರೆಯುತ್ತಿದ್ದೆ. ಈಗ ಬ್ಯಾಂಕಿನಲ್ಲಿ ಇರುವುದು ಇಂಗ್ಲಿಷಿನ ಒಂದು ಗೀಚು.

ಹೆಸರಿಗೆ ಅಫಿಡವಿಟ್, ಎರಡೂ ಹೆಸರು ಒಬ್ಬನದೇ ಅಂತ, ಛಾಪಾ ಕಾಗದದ ಮೇಲೆ, ನೋಟರಿ ಸಹಿತ. ಸಹಿಗೆ ಐಎಸ್ಆರ್-2 ಫಾರಂ, ಜೊತೆಗೆ ಪ್ಯಾನ್, ವಿಳಾಸಕ್ಕೆ ಐಎಸ್ಆರ್-1, ನಾಮಿನಿಗೆ ಎಸ್‌ಎಚ್-13. ಇವೆಲ್ಲ ರಿಜಿಸ್ಟ್ರಾರ್ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ, ದುಡ್ಡು ಕೊಟ್ಟು ಏಜೆಂಟರ ಹತ್ತಿರ ಹೋಗಬೇಡಿ. ಐಎಸ್ಆರ್-2ನಲ್ಲಿ ಬ್ಯಾಂಕ್ ಅಧಿಕಾರಿ ನಿಮ್ಮ ಸಹಿಯನ್ನು ದೃಢೀಕರಿಸಿ, ತಮ್ಮ ಹೆಸರು, ಎಂಪ್ಲಾಯಿ ಕೋಡ್ ಬರೆದು ಸೀಲ್ ಹಾಕಬೇಕು. ನಮ್ಮ ಬ್ರಾಂಚಲ್ಲಿ ಮ್ಯಾನೇಜರ್ ಆ ಫಾರಂ ಜೀವಮಾನದಲ್ಲಿ ನೋಡಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ನಾನು ಸಹಿ ಹಾಕಿದರೆ ನಾಳೆ ನನ್ನ ತಲೆಗೆ ಬರಲ್ವಾ?" ಅಂದರು. ಬರಲ್ಲ ಸರ್, ನಿಮ್ಮಲ್ಲಿರುವ ಸಹಿಗೂ ಇದಕ್ಕೂ ತಾಳೆ ಆಗುತ್ತೆ ಅಂತ ಅಷ್ಟೇ ಹೇಳೋದು ಅಂದೆ. ಸೆಬಿಯ ಸುತ್ತೋಲೆ ತೋರಿಸಿದ ಮೇಲೆ ಒಪ್ಪಿದರು. ಸಹಿ ಹಾಕಿದರು, ಎಂಪ್ಲಾಯಿ ಕೋಡ್ ಬರೆಯಲಿಲ್ಲ. ಅದಕ್ಕೆ ಮತ್ತೆ ಹೋಗಬೇಕಾಯಿತು. ನೀವು ಅಲ್ಲೇ, ಅವರ ಮೇಜಿನ ಮುಂದೆ ನಿಂತೇ ಎಲ್ಲ ಖಾನೆ ತುಂಬಿದೆಯಾ ನೋಡಿಕೊಳ್ಳಿ.

ಮತ್ತೆ ಕಳಿಸಿದೆ. ಈ ಸಲ ವಾಪಸ್ಸೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಫೋನ್ ಮಾಡಿದರೆ ಒಬ್ಬರು ಮೆಲ್ಲಗೆ ಬಾಯಿಬಿಟ್ಟರು: ಕಂಪನಿ ರಿಜಿಸ್ಟ್ರಾರ್‌ಗೆ ಫೀ ಕಟ್ಟಿಲ್ಲ, ಅದಕ್ಕೆ ಆ ಕಂಪನಿಯ ಕೆಲಸ ಪಕ್ಕಕ್ಕೆ ಇಟ್ಟಿದ್ದಾರೆ. ಇದನ್ನು ನಾನು ಊಹಿಸಿಯೇ ಇರಲಿಲ್ಲ. ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಹಾಕಿದೆ, "ವಿಳಾಸದಾರರು ಇಲ್ಲ" ಅಂತ ವಾಪಸ್. ಕಾರ್ಪೊರೇಟ್ ಮಂತ್ರಾಲಯದ ಜಾಲತಾಣದಲ್ಲಿ ನೋಡಿದರೆ ಕಂಪನಿ 'ಆ್ಯಕ್ಟಿವ್'. ಪರವಾಗಿಲ್ಲ ಅನ್ನಿಸಿತು, ಕನಿಷ್ಠ ಪಟ್ಟಿಯಿಂದ ಹೊಡೆದುಹಾಕಿಲ್ಲ. ಅಲ್ಲಿ ಕೊನೆಯ ಸಭೆ ಯಾವಾಗ ಆಯಿತು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ದಿನಾಂಕದ್ದು ಅನ್ನುವುದು ಪುಕ್ಕಟೆ ಕಾಣುತ್ತದೆ. ನಿಮ್ಮ ಕಂಪನಿಯನ್ನೂ ಒಮ್ಮೆ ನೋಡಿ.

ಸ್ಕೋರ್ಸ್‌ನಲ್ಲಿ ದೂರು ಹಾಕಿದೆ. ಸೆಬಿಯ ದೂರು ವ್ಯವಸ್ಥೆ ಅದು, 2024ರ ಏಪ್ರಿಲ್‌ನಿಂದ ಹೊಸ ರೂಪದಲ್ಲಿದೆ, ದೂರು ಹೋದವರು 21 ದಿನದಲ್ಲಿ ಉತ್ತರ ಕೊಡಬೇಕು. ಒಂದು ಸಲಹೆ: ದೂರಿನಲ್ಲಿ ಮೂವತ್ತು ವರ್ಷದ ಗೋಳು ತೋಡಿಕೊಳ್ಳಬೇಡಿ. ಪ್ರಮೋಟರ್ ಮೋಸ ಮಾಡಿದ, ಬೆಲೆ ಬಿತ್ತು, ಅದೆಲ್ಲ ಬರೆದರೆ ಬೇರೆ ಕಡೆಗೆ ತಳ್ಳಿ ಮುಚ್ಚುತ್ತಾರೆ. ನಾನು ಬರೆದದ್ದು ನಾಲ್ಕೇ ಸಾಲು: ಫೋಲಿಯೋ ಸಂಖ್ಯೆ, ಡಿಆರ್‌ಎನ್, ಕಾಗದ ತಲುಪಿದ ದಿನಾಂಕ, ಡಿಮ್ಯಾಟ್ ಅರ್ಜಿ ತೀರ್ಮಾನ ಮಾಡಿ ಅಂತ. ಜೊತೆಗೆ ರಿಜಿಸ್ಟ್ರಾರ್ ಕಚೇರಿಗೆ ಸ್ಪೀಡ್ ಪೋಸ್ಟ್ ತಲುಪಿದ ರಸೀತಿ. ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು, "ಅರ್ಜಿ ಮಾನ್ಯ ಮಾಡಲಾಗಿದೆ." ಫೀ ಬಾಕಿಯ ಮಾತೇ ಇಲ್ಲ. ಎರಡು ದಿನದಲ್ಲಿ ಸಾವಿರ ಶೇರು ಖಾತೆಗೆ ಬಿತ್ತು. ಬೀಳುವಾಗ ಫ್ರಿಜ್ ಮೇಲಿನ ಕೆಂಪು ಗೆರೆಗೆ ಇನ್ನು ಕೆಲವೇ ಸೋಮವಾರ ಉಳಿದಿದ್ದವು. ಅಷ್ಟರಲ್ಲಿ ಮಾರುವವರ ಸಾಲೂ ಕರಗಿತ್ತು, ಸುಸ್ತಾಗಿ ಬಿಟ್ಟಿದ್ದರೋ ಏನೋ. 1 ರೂಪಾಯಿ 40 ಪೈಸೆ ಹಾಗೆ ಹೋಯಿತು.

ಆ ಸಾವಿರ ಶೇರಿಗೆ ಬಂದದ್ದು 1,400 ರೂಪಾಯಿ. ಅಫಿಡವಿಟ್, ನೋಟರಿ, ಅಂಚೆ, ಡಿಪಿ ಶುಲ್ಕ ಎಲ್ಲ ಸೇರಿ ಖರ್ಚು 2,000 ದಾಟಿತ್ತು. ತೆರಿಗೆ ಲೆಕ್ಕದಲ್ಲಿ ಮಾತ್ರ ಇದೂ ಗಿಟ್ಟಿತು, ಮೂರೂವರೆ ಸಾವಿರದಷ್ಟು. ಅಂಥ ಲಾಭವೇ ಇಲ್ಲದವರು, ಕಾಗದದಲ್ಲಿ ನೂರು ಇನ್ನೂರು ಶೇರು ಮಾತ್ರ ಇರುವವರು ಇಷ್ಟೆಲ್ಲ ಮಾಡಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಲೆಕ್ಕ ಹಾಕಿ ಬಿಡಿ, ಬೇಜಾರಲ್ಲಿ ಬಿಡಬೇಡಿ.

ಆರು ತಿಂಗಳು ಮುಗಿದ ಮೇಲೆ ಏನು ಅಂತ ಗುಂಪಲ್ಲಿ ಕೆಲವರು ಈಗ ಕೇಳುತ್ತಿದ್ದಾರೆ. ಕಂಪನಿ ಸರಿಹೋಗದಿದ್ದರೆ ಎಕ್ಸ್‌ಚೇಂಜು ಕಡ್ಡಾಯವಾಗಿ ಪಟ್ಟಿಯಿಂದ ತೆಗೆಯಬಹುದು. ಆಗ ಸ್ವತಂತ್ರ ಮೌಲ್ಯಮಾಪಕರು ಹೇಳಿದ ಬೆಲೆಗೆ ಪ್ರಮೋಟರ್‌ಗಳು ನಮ್ಮ ಶೇರು ಕೊಳ್ಳಬೇಕು, ಅವರಿಗೆ ಹತ್ತು ವರ್ಷ ಮಾರುಕಟ್ಟೆಗೆ ನಿಷೇಧ ಅಂತ ನಿಯಮ. ಅಂಚೆಯನ್ನೂ ತೆಗೆದುಕೊಳ್ಳದ ವಿಳಾಸದಿಂದ ಚೆಕ್ ಬರುತ್ತದೆ ಅಂತ ನಾನಂತೂ ಕಾಯುತ್ತಿರಲಿಲ್ಲ.

ಜೆರಾಕ್ಸ್ ಯಾಕೆ ಅಂದೆ ಅಲ್ವಾ. ಬ್ರೋಕರ್ ಕೊಡುವ ತೆರಿಗೆ ವರದಿಯಲ್ಲಿ ಕಾಗದದಿಂದ ಡಿಮ್ಯಾಟ್ ಆದ ಶೇರಿಗೆ ಕೊಂಡ ಬೆಲೆ ಸೊನ್ನೆ ಅಂತ ಬಂದಿತ್ತು. ಅಂದರೆ ನಷ್ಟದ ಜಾಗದಲ್ಲಿ 1,400 ರೂಪಾಯಿ ಲಾಭ! ಹಾಗೇ ರಿಟರ್ನ್ಸ್‌ಗೆ ಹಾಕಿದರೆ ಪಟ್ಟ ಪಾಡೆಲ್ಲ ನೀರುಪಾಲು. ಕೊಂಡ ದಿನಾಂಕ 1994, ಬೆಲೆ 30 ಅಂತ ಕೈಯಿಂದ ತಿದ್ದಬೇಕು, ಕೇಳಿದರೆ ತೋರಿಸಲು ಅಲಾಟ್‌ಮೆಂಟ್ ಪತ್ರ, ಸರ್ಟಿಫಿಕೇಟಿನ ಪ್ರತಿ ಇರಬೇಕು. ಮೂಲ ಸರ್ಟಿಫಿಕೇಟು ನಿಮ್ಮ ಕೈಗೆ ಮತ್ತೆ ಬರುವುದಿಲ್ಲ.

ಈಗ ಖಾತೆಯನ್ನು ಸಣ್ಣ ಹೂಡಿಕೆದಾರರ ಕಡಿಮೆ ಶುಲ್ಕದ ಡಿಮ್ಯಾಟ್ ಖಾತೆ, ಅಂದರೆ ಬಿಎಸ್‌ಡಿಎ ಮಾಡಿ ಅಂತ ಡಿಪಿಗೆ ಅರ್ಜಿ ಕೊಟ್ಟಿದ್ದೇನೆ. 2024ರ ಸೆಪ್ಟೆಂಬರ್‌ನಿಂದ 4 ಲಕ್ಷದವರೆಗಿನ ಅಂಥ ಖಾತೆಗೆ ವಾರ್ಷಿಕ ಶುಲ್ಕ ಇಲ್ಲ. ಸತ್ತ ಶೇರು ಇಟ್ಟುಕೊಳ್ಳಲು ವರ್ಷ ವರ್ಷ ಕಟ್ಟಿದ ಶುಲ್ಕವನ್ನೂ ಸೇರಿಸಿದರೆ ನನ್ನ ನಷ್ಟ ಇನ್ನೂ ದೊಡ್ಡದು, ಆದರೆ ಅದನ್ನು ತೆರಿಗೆಯಲ್ಲಿ ಕಳೆಯಲು ಬಿಡುವುದಿಲ್ಲ ಅಂದರು ಆಡಿಟರ್. ಡಿಪಿ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.